ಹಿಂದಿನ ಗೋಡೆಯ ಗಾಜು

ಶರಣ ಬಂಧುಗಳೇ, ತಾಯಂದಿರೇ, ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಹೋದ ಸೋಮವಾರ ಇದೇ ಕಂಬಕ್ಕೆ ಒರಗಿ ಕೂತು ನಾನು ನಿಮಗೆ, "ಹೊರಗಿನದನ್ನು ನೋಡಬೇಡಿ, ಒಳಗಿನದನ್ನು ನೋಡಿ" ಎಂದು ಹೇಳಿದೆ. ನೀವು ತಲೆದೂಗಿದಿರಿ. ನಾನೂ ಖುಷಿಯಾಗಿ ಮನೆಗೆ ಹೋದೆ. ಆದರೆ ಆ ಮಾತು ವಾರವೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ನನ್ನನ್ನು ಕಾಡಿತು. ಹೊರಗಿನದನ್ನು ನೋಡಬೇಡಿ ಎಂದೆನಲ್ಲ, ನಾವು ಹೊರಗಿನದನ್ನಾದರೂ ಸರಿಯಾಗಿ ನೋಡಿದ್ದೇವೆಯೇ? ಮುಂಬದಿಯನ್ನು ನೋಡಿ ಅದನ್ನೇ ಹೊರಗು ಎಂದುಕೊಂಡಿದ್ದೇವಲ್ಲವೇ? ಮನೆಗೆ ಮುಂದಿನ ಗೋಡೆ ಒಂದೇ ಇರುತ್ತದೆಯೇ?

ಅದಕ್ಕೇ ಇವತ್ತು ಒಂದು ಮನೆಯ ಕಥೆ. ಗೋಡೆ, ಗಾರೆಯ ವಿಷಯ ನನಗೆ ತಿಳಿದದ್ದು ಕಡಿಮೆ. ಒಬ್ಬ ಗೌಂಡಿಯನ್ನು ಎರಡು ಸಲ ಕೇಳಿ ಬಂದಿದ್ದೇನೆ. ಆದರೂ ತಪ್ಪಿದ್ದರೆ, ಪ್ರವಚನ ಮುಗಿದ ಮೇಲೆ ದಯವಿಟ್ಟು ತಿದ್ದಿ.

ಒಂದು ಊರು. ಎರೆಮಣ್ಣಿನ ಊರು. ಆ ಊರಿನಲ್ಲಿ ಒಬ್ಬ ಬಟ್ಟೆ ಸಾಹುಕಾರನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ನಿಮ್ಮಲ್ಲೇ ಯಾರಾದರೂ ಎದ್ದು, "ಅವರು ನಮ್ಮ ಬೀಗರು" ಎನ್ನುತ್ತೀರಿ. ಈ ಸಾಹುಕಾರನಿಗೆ ಬಟ್ಟೆಯಲ್ಲಿ ಮೋಸ ಮಾಡುವವರು ಹುಟ್ಟಿರಲಿಲ್ಲ. ಎಂಥ ಜರಿಯಂಚಿನ ಸೀರೆ ತಂದು ಮುಂದೆ ಹರಡಿದರೂ ಆತ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜುತ್ತಿದ್ದ. ಆಮೇಲೆ ತಿರುವಿ ಹಿಂಬದಿ ನೋಡುತ್ತಿದ್ದ. "ಮುಂದ ಎಲ್ಲಾರೂ ಚಂದ ನೇಯ್ತಾರ, ತಿರುವಿ ತೋರ್ಸು" ಎನ್ನುತ್ತಿದ್ದ. ಊರಿನಲ್ಲಿ ಅದು ಗಾದೆಯೇ ಆಗಿಬಿಟ್ಟಿತ್ತು.

ಆ ಊರಿನಲ್ಲಿ ಇಪ್ಪತ್ತೆರಡು ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಒಬ್ಬ ಅಕ್ಕೋರು ಇದ್ದರು. ಗುಡಿಯ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ ಅವರ ಬಾಲವಾಡಿ ನಡೆಯುತ್ತಿತ್ತು. ಬಿಸಿಲು ಸರಿದಂತೆ ಮಕ್ಕಳೂ ಸರಿಯುತ್ತಿದ್ದವು. ಸಾಹುಕಾರ ಅದನ್ನು ನೋಡಿದ. ತನ್ನ ತಾಯಿಯ ನೆನಪಿಗೆ ಏನಾದರೂ ಮಾಡಬೇಕೆಂದು ಮೊದಲಿನಿಂದಲೂ ಅವನ ಮನಸ್ಸಿನಲ್ಲಿತ್ತು. ಮಠದ ಅಂಗಳದಲ್ಲಿ, ಎಲ್ಲರ ಎದುರಿಗೆ ನಿಂತು, "ಬರೋ ಬಸವ ಜಯಂತಿಗೆ ಈ ಹುಡುಗರಿಗೆ ಒಂದು ಮನಿ ಕೊಡ್ತೀನಿ" ಎಂದು ಮಾತು ಕೊಟ್ಟ. ಜನ ಚಪ್ಪಾಳೆ ಹೊಡೆದರು.

ಮನೆಯೂ ಸಿಕ್ಕಿತು. ಬೀದಿಯ ಕೊನೆಯಲ್ಲಿ ಒಂದು ಗುಲಾಬಿ ಬಣ್ಣದ ಮನೆ. ಮೂಡಣ ಬಾಗಿಲು. ಬಾಗಿಲ ಮೇಲೆ ಕಮಾನು, ಮೆಟ್ಟಿಲಿಗೆ ಕರೀ ಕಲ್ಲು, ಕಿಟಕಿಗೆ ಬಳ್ಳಿಯ ಸರಳು. ವಾಸ್ತು ನೋಡುವವರು ಬಂದು ನೂಲು ಹಿಡಿದರು. ಮುಂದೆ ಕಿರಿದು, ಹಿಂದೆ ಅಗಲ. ಗೋಮುಖದ ಜಾಗ, ಬಹಳ ಶುಭ ಎಂದರು. ನೋಡಿ, ವಾಸ್ತು ನಂಬುವವರನ್ನು ನೋಯಿಸುವುದು ನನ್ನ ಉದ್ದೇಶವಲ್ಲ. ಹಿಂದೆ ಅಗಲ ಎಂದು ಅವರು ಹೇಳಿದ್ದು ನಿಜ. ಆದರೆ ಆ ಹಿಂದಕ್ಕೆ ಯಾರಾದರೂ ಹೋಗಿ ನೋಡಿದರೇ? ಇಲ್ಲ. ನೂಲಿನ ತುದಿ ಹೋಯಿತು, ಮನುಷ್ಯ ಹೋಗಲಿಲ್ಲ.

ಯಾಕೆ ಹೋಗಲಿಲ್ಲ? ನಮ್ಮಲ್ಲಿ ಅದು ರೂಢಿ ಇಲ್ಲ. ಮನೆ ನೋಡಲು ಬಂದವರನ್ನು ಮುಂಬಾಗಿಲಿನಲ್ಲಿ ಬರಮಾಡಿಕೊಳ್ಳುತ್ತೇವೆ. ಚಾಪೆ ಹಾಸುತ್ತೇವೆ, ಚಹಾ ಕೊಡುತ್ತೇವೆ. ಬಂದವರು ಎದ್ದು, "ನಿಮ್ಮ ಬಚ್ಚಲ ಸಂದಿ ತೋರಿಸಿ" ಎಂದರೆ ಅವಮಾನ. ಕೇಳಿದವರಿಗೂ ಅವಮಾನ, ತೋರಿಸಿದವರಿಗೂ ಅವಮಾನ. ಮರ್ಯಾದಸ್ಥರು ಹಿತ್ತಲಿಗೆ ಹೋಗುವುದಿಲ್ಲ. ಸಾಹುಕಾರ ಮರ್ಯಾದಸ್ಥ. ಅವನೂ ಹೋಗಲಿಲ್ಲ.

ಬಸವ ಜಯಂತಿಗೆ ಇನ್ನು ಒಂಬತ್ತು ದಿನ. ಎಲೆ-ಅಡಿಕೆ ಬದಲಿಸಿ ಮಾತು ಗಟ್ಟಿ ಮಾಡಿಕೊಳ್ಳಲು ಎಲ್ಲರೂ ಆ ಮನೆಯ ಜಗಲಿಯಲ್ಲಿ ಸೇರಿದರು. ಸಾಹುಕಾರ ಬಂದ. ಮನೆಯ ಒಡೆಯ ಹಿತ್ತಾಳೆಯ ತಟ್ಟೆಯಲ್ಲಿ ಎಲೆ-ಅಡಿಕೆ ಹಿಡಿದು ನಿಂತ. ಅಕ್ಕೋರು ಬಂದರು. ಅವರ ಹಿಂದೆ ಅವರ ತಾಯಿ ಬಂದಳು. ನಲವತ್ತು ವರ್ಷ ತಲೆಯ ಮೇಲೆ ಗಾರೆಯ ಬುಟ್ಟಿ ಹೊತ್ತ ಮುದುಕಿ. ಅವಳು ಬುಟ್ಟಿ ಹೊತ್ತ ದುಡಿಮೆಯಲ್ಲೇ ಮಗಳು ಅಕ್ಕೋರು ಆದದ್ದು.

"ಬರ್ರಿ, ಬರ್ರಿ, ಮ್ಯಾಲ ಬರ್ರಿ" ಎಂದ ಒಡೆಯ. ಎಲ್ಲರೂ ಜಗಲಿಯ ಮೇಲೆ ಕೂತರು. ಮುದುಕಿ ಕೂರಲಿಲ್ಲ.

"ಎಲ್ಲಿ ಹೋದಳು ನಿಮ್ಮವ್ವ?" ಎಂದು ಸಾಹುಕಾರ ಕೇಳಿದ.

ಅಕ್ಕೋರಿಗೆ ನಾಚಿಕೆಯಾಯಿತು. "ಅಕಿಗೊಂದು ಚಟ ಐತ್ರೀ. ಹೊಸಾ ಮನಿ ಕಂಡ್ರ ಮೊದಲ ಸುತ್ತು ಹಾಕ್ತಾಳ."

"ಗುಡಿ ಅಂತ ತಿಳದಾಳೇನ ಮತ್ತ?" ಎಂದ ಒಡೆಯ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಕ್ಕರು ಸರಿ, ಆದರೆ ಒಡೆಯನ ಕಣ್ಣು ಒಮ್ಮೆ ಹಿತ್ತಲ ಕಡೆಗೆ ಹೋಗಿ ಬಂತು. ಅದನ್ನು ಯಾರೂ ನೋಡಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಗುಡಿಗೆ ಹೋದರೆ ನಾವು ಏನು ಮಾಡುತ್ತೇವೆ? ಸುತ್ತು ಹಾಕುತ್ತೇವೆ. ದೇವರ ಮುಖ ಒಂದೇ ಕಡೆಗಿದೆ ಎಂದು ಗೊತ್ತಿದ್ದರೂ ನಾಲ್ಕೂ ಕಡೆ ತಿರುಗಿ ಬರುತ್ತೇವೆ. ಎಂದೂ ಮೋಸ ಮಾಡದ ದೇವರ ಮನೆಗೆ ಐದು ಸುತ್ತು. ಮೋಸ ಇರಬಹುದಾದ ಮನುಷ್ಯರ ಮನೆಗೆ ಅರ್ಧ ಸುತ್ತೂ ಇಲ್ಲ! ಇದೆಂಥ ಲೆಕ್ಕ, ಹೇಳಿ?

ಮುದುಕಿ ಬಂದಳು. ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದಳು. ನೇರವಾಗಿ ಸಾಹುಕಾರನ ಮುಂದೆ ನಿಂತು ಸೆರಗು ಬಿಚ್ಚಿದಳು.

"ಸಾವ್ಕಾರ್ರ, ಇದನ್ನ ಹಿಡೀರಿ."

"ಏನಬೇ ಇದು?"

"ಮಣ್ಣರೀ."

"ಮಣ್ಣು ಅಂಬೋದು ನನಗೂ ಕಾಣ್ತೈತಿ."

"ಕಂಡ್ರ ಸಾಲಂಗಿಲ್ರಿ. ಅರಿವಿ ಉಜ್ಜಿ ನೋಡ್ತೀರಲ್ಲ, ಹಂಗ ಉಜ್ರಿ."

ಸಾಹುಕಾರ ಹೆಬ್ಬೆರಳು ತೋರುಬೆರಳಿನ ನಡುವೆ ಆ ಹೆಂಟೆಯನ್ನು ಉಜ್ಜಿದ. ಅದು ಪುಡಿಯಾಗಲಿಲ್ಲ. ಬೆರಳಿಗೆ ಮೆತ್ತಿಕೊಂಡಿತು. ಹಸಿ ಮಣ್ಣು.

"ಮಳಿ ಬಂದು ಎಷ್ಟ ತಿಂಗಳಾತ್ರಿ?" ಎಂದಳು ಮುದುಕಿ. "ಹೊಲದಾಗ ಕಾಲು ಹೋಗೂವಂಥಾ ಬಿರುಕ ಬಿದ್ದಾವ. ಭಾವ್ಯಾಗ ನೀರಿಲ್ಲ. ಈ ಮನಿ ಹಿಂದಿನ ಗ್ವಾಡಿ ಬುಡದಾಗ ಮಣ್ಣು ಯಾಕ ಹಸೀ ಐತಿ? ನಿಮ್ಮ ಕಣ್ಣೀಲೆ ನೋಡ ಬರ್ರಿ."

ಒಡೆಯ ಗಡಿಬಿಡಿಯಿಂದ, "ಏ, ಮುದುಕಿ ಮಾತು ಏನ್ ಕೇಳ್ತೀರಿ? ಬಚ್ಚಲ ಸಂದ್ಯಾಗ ಹಸೀ ಇರದ ಇನ್ನೇನು ಇರ್ತೈತಿ? ಅಲ್ಲಿ ನಿಮ್ಮಂಥವರು ಹೋಗೂ ಹಂಗಿಲ್ರಿ. ಧೋತರ ಹೊಲಸ ಆಕ್ಕೈತಿ" ಎಂದ.

ಸಾಹುಕಾರ ತನ್ನ ಧೋತರವನ್ನು ನೋಡಿಕೊಂಡ. ಹಾಲಿನಂಥ ಬಿಳುಪು. ಸುತ್ತ ಊರಿನ ಹಿರಿಯರು ನೋಡುತ್ತಿದ್ದಾರೆ. ಒಂಬತ್ತು ದಿನ ಉಳಿದಿದೆ. ಮಾತು ಕೊಟ್ಟಾಗಿದೆ. ಸಂದಿಗೆ ಹೋದರೆ ಮರ್ಯಾದೆ ಹೋಗುತ್ತದೆ. ಅಲ್ಲಿ ಏನಾದರೂ ಕಂಡರೆ ಕೊಟ್ಟ ಮಾತೂ ಹೋಗುತ್ತದೆ. ಹೋಗಿ ನೋಡದಿದ್ದರೆ? ಆ ಗೋಡೆಗೆ ಬೆನ್ನು ಕೊಟ್ಟು ಇಪ್ಪತ್ತೆರಡು ಮಕ್ಕಳು ಕೂರುತ್ತವೆ. ಇಪ್ಪತ್ತೆರಡು ಮಕ್ಕಳು!

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಆಗ ಮುದುಕಿ ಮೆಲ್ಲಗೆ, "ಸೀರಿ ತಿರುವಿ ನೋಡ್ತೀರಿ, ಮನಿ ತಿರುವಿ ನೋಡಂಗಿಲ್ಲೇನ್ರಿ?" ಎಂದಳು.

ಅಷ್ಟೇ. ಸಾಹುಕಾರ ಧೋತರ ಎತ್ತಿ ಕಟ್ಟಿದ. ಚಪ್ಪಲಿ ಬಿಟ್ಟ. ಹೊಟ್ಟೆಯನ್ನು ಒಳಗೆಳೆದುಕೊಂಡು, ಅಡ್ಡಡ್ಡ ನಡೆಯುತ್ತ ಹಿಂದಿನ ಗೋಡೆಗೂ ಹಿತ್ತಲ ಗೋಡೆಗೂ ನಡುವಿನ ಆ ಸಂದಿಯೊಳಗೆ ಹೋದ. ಒಂದು ಕಡೆಯ ಬಿಳಿ ಅಂಗಿಗೆ ಪಾಚಿ ಮೆತ್ತಿತು, ಇನ್ನೊಂದು ಕಡೆಗೆ ಸುಣ್ಣ ಮೆತ್ತಿತು. ಆದರೂ ಹೋದ. ಮುದುಕಿ ಅವನ ಬೆನ್ನಿಗೇ ಬಂದಳು.

ಅಲ್ಲಿ ಏನಿತ್ತು? ಮುಂದೆ ಗುಲಾಬಿ ಬಣ್ಣ, ಹಿಂದೆ ಬಣ್ಣವೇ ಇಲ್ಲ. ಗೋಡೆಯ ಮೂಲೆಯಲ್ಲಿ ಸೂರಿನಿಂದ ಬುಡದವರೆಗೆ ಒಂದು ಬಿರುಕು, ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಕೆಳಗೆ ಬೆರಳು ಹೋಗುವಷ್ಟಿದ್ದುದು ಮೇಲೆ ಅಂಗೈ ಹೋಗುವಷ್ಟಾಗಿತ್ತು. ನಡುಮಟ್ಟದಲ್ಲಿ, ಬಿರುಕಿಗೆ ಅಡ್ಡವಾಗಿ, ಒಂದು ಗಾಜಿನ ಪಟ್ಟಿ. ಅದರ ಎರಡೂ ತುದಿಗೆ ಸಿಮೆಂಟಿನ ಮುದ್ದೆ. ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ಗೀಚಿದ ತಾರೀಖು, ಎರಡು ವರ್ಷ ಹಿಂದಿನದು. ಗಾಜು ನಡುವೆ ಎರಡು ತುಂಡಾಗಿತ್ತು.

"ಏನಬೇ ಇದು ಗಾಜು?"

"ಸಾಕ್ಷಿ ಗಾಜು ಅಂತೀವ್ರಿ ನಾವು. ಗ್ವಾಡಿ ಬಿರುಕ ಬಿಟ್ರ ಅಡ್ಡ ಒಂದು ಗಾಜಿನ ಪಟ್ಟಿ ಕೂಡಸ್ತೀವಿ. ಗ್ವಾಡಿ ಅಳ್ಳಾಡದಿದ್ರ ಗಾಜು ಹಂಗ ಇರ್ತೈತಿ. ಅಳ್ಳಾಡಿತು, ಒಡೀತೈತಿ. ಮಂದಿ ಸುಳ್ಳು ಹೇಳ್ತಾರ್ರೀ, ಗಾಜು ಹೇಳಂಗಿಲ್ಲ."

ಸಾಹುಕಾರ ಹಿಂದಿರುಗಿ ನೋಡಿದ. ಸಂದಿಯ ತುದಿಯಲ್ಲಿ ಒಡೆಯ ನಿಂತಿದ್ದ. ಎಲೆ-ಅಡಿಕೆಯ ತಟ್ಟೆ ಇನ್ನೂ ಕೈಯಲ್ಲೇ ಇತ್ತು.

"ಈ ಗಾಜು ಯಾರು ಕೂಡಿಸಿದ್ದು?"

"ನಾನ ಹೇಳಿ ಕೂಡಿಸಿದ್ದೆ."

"ಒಡದದ್ದು ಗೊತ್ತಿತ್ತು?"

ಒಡೆಯ ತಟ್ಟೆಯನ್ನು ನೆಲಕ್ಕಿಟ್ಟ. "ಗೊತ್ತಿತ್ರಿ. ಬಚ್ಚಲ ಕೊಳವಿ ಒಡದಿತ್ತು, ಅದೂ ಗೊತ್ತಿತ್ತು. ಅವತ್ತಿಂದ ನನ್ನ ಮಕ್ಕಳನ್ನ ಆ ಕೋಣ್ಯಾಗ ಮಲಗಸಿಲ್ಲ. ಮಾರಿ ಬಿಟ್ರ ನನ್ನ ತಲಿ ಮ್ಯಾಲಿಂದ ಹೋಕ್ಕೈತಿ ಅಂದ್ಕೊಂಡು ಮುಂದ ಬಣ್ಣ ಹಚ್ಚಿದೆ."

ನೋಡಿ, ಅವನೇನು ಕೆಟ್ಟ ಮನುಷ್ಯನೇ? ತನ್ನ ಮಕ್ಕಳನ್ನು ಮಲಗಿಸದ ಕೋಣೆಯನ್ನು ಊರ ಮಕ್ಕಳಿಗೆ ಮಾರಲು ಹೊರಟ. ಅಂಥವನನ್ನು ಕೆಟ್ಟವನು ಎನ್ನದೆ ಇನ್ನೇನು ಎನ್ನಬೇಕು? ಆದರೆ ತಡೆಯಿರಿ. ಬಿರುಕು ಮೊದಲು ಕಂಡ ದಿನ ಗಾಜು ಕೂಡಿಸಿದವನೂ ಅವನೇ. ಅಷ್ಟು ಒಳ್ಳೆಯತನ ಅವನಲ್ಲಿತ್ತು. ಗಾಜು ಒಡೆದ ದಿನ ಹೆದರಿದ, ಹೆದರಿ ಬಣ್ಣದ ಡಬ್ಬಿ ತಂದ. ಹೆದರಿಕೆ ಬಣ್ಣದ ಡಬ್ಬಿ ತರುತ್ತದೆ, ಬಂಧುಗಳೇ. ಎಲ್ಲ ಮನೆಗಳಲ್ಲೂ ತರುತ್ತದೆ.

ಸಾಹುಕಾರ ಸಿಟ್ಟಿನಿಂದ ಹೊರಟುಬಿಡುತ್ತಾನೆಂದು ಎಲ್ಲರೂ ಎಣಿಸಿದರು. ಅವನು ಮುದುಕಿಯ ಕಡೆಗೆ ತಿರುಗಿದ. "ಹರಕು ಎಲ್ಲೈತಿ ಅಂತ ಗೊತ್ತಾದ್ರ ಅರಿವಿ ಹೊಲೀಬಹುದು. ಗ್ವಾಡಿ ಹೊಲ್ಯಾಕ ಬರ್ತೈತೇನ?"

ಮುದುಕಿ ಬುಡ ನೋಡಿದಳು. ಉಳಿದ ಮೂರು ಗೋಡೆಗಳನ್ನು ತಟ್ಟಿ ನೋಡಿದಳು. "ಬರ್ತೈತ್ರಿ. ಮೂರು ಗ್ವಾಡಿ ಗಟ್ಟಿ ಅದಾವ. ಎರಿ ಮಣ್ಣು ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಬಿರೀತೈತಿ. ಈ ಮೂಲಿ ಒಂದ ನೀರು ಕುಡದೈತಿ, ಅದಕ್ಕ ಗ್ವಾಡಿನ ಎತ್ತಿ ಎತ್ತಿ ಸೀಳೈತಿ. ಮೊದಲ ನೀರು ನಿಂದ್ರಸಬೇಕು. ಕೊಳವಿ ಬದಲಿ ಮಾಡಿ, ಬುಡ ತೋಡಿ, ಎರಿ ತಗದು ಗಟ್ಟಿ ಗರಸು ಮಣ್ಣು ಹಾಕಿ ಬಡೀಬೇಕು. ಆಮ್ಯಾಲೆ ಬಿರುಕ ತುಂಬಿ ಹೊಸಾ ಗಾಜು. ಆದ್ರ ಒಂಬತ್ತು ದಿನದಾಗ ಆಗೂ ಮಾತಲ್ರಿ. ಒಂದು ಮಳಿಗಾಲ, ಒಂದು ಬ್ಯಾಸಗಿ ಗಾಜು ನಿಂದ್ರಬೇಕು. ಅಲ್ಲೀತನಕ ಒಂದು ಕೂಸನ್ನೂ ಒಳಗ ಕುಂದ್ರಸಬ್ಯಾಡ್ರಿ."

ಒಂದು ವರ್ಷ! ಕೊಟ್ಟ ಮಾತು ಒಂಬತ್ತು ದಿನದ್ದು.

ಬಸವ ಜಯಂತಿ ಬಂತು. ಮಠದ ಅಂಗಳ ತುಂಬಿತು. ಸಾಹುಕಾರ ಎದ್ದು ನಿಂತ. ಹಿಂದಿನಿಂದ ಒಬ್ಬ, "ಸಾವ್ಕಾರ್ರ, ಮಾತು ಹರೀತೇನ್ರಿ? ತಿರುವಿ ತೋರಸ್ರಿ!" ಎಂದು ಕೂಗಿದ. ಜನ ಗೊಳ್ಳೆಂದು ನಕ್ಕರು.

ಜನರ ನಗು ನಿಲ್ಲುವವರೆಗೆ ಸಾಹುಕಾರ ಕಾದ. ಆಮೇಲೆ ಹೇಳಿದ: "ತಿರುವೇ ತೋರಸ್ತೀನಿ. ನಾನು ಮನಿ ಹಿಂದ ನೋಡದ ಮಾತು ಕೊಟ್ಟೆ. ಅದು ನನ್ನ ತಪ್ಪು. ನಾನು ಮನಿ ಕೊಡ್ತೀನಿ ಅಂದಿದ್ದೆ, ಗೋರಿ ಕೊಡ್ತೀನಿ ಅಂದಿಲ್ಲ. ಒಂದು ವರ್ಷ ತಡ ಆಕ್ಕೈತಿ. ಅಲ್ಲೀತನಕ ಬಾಲವಾಡಿ ನನ್ನ ಪಡಸಾಲ್ಯಾಗ ನಡೀತೈತಿ."

ಅವನ ಹೆಂಡತಿ ಹೆಂಗಸರ ಸಾಲಿನಿಂದ, "ಇದನ್ನ ನನಗೊಂದು ಮಾತು ಮೊದಲ ಹೇಳಬಾರದಾಗಿತ್ತ?" ಎಂದಳು. ಈ ಸಲ ಸಾಹುಕಾರನೂ ನಕ್ಕ.

ಮರುದಿನದಿಂದ ಆ ಶ್ರೀಮಂತನ ಪಡಸಾಲೆಯಲ್ಲಿ ಇಪ್ಪತ್ತೆರಡು ಪಾಟಿ-ಬಳಪ, ನಲವತ್ತನಾಲ್ಕು ಚಪ್ಪಲಿ. ಮೊದಲು ಗೊಣಗಿದ ಸಾಹುಕಾರ್ತಿ ಹದಿನೈದು ದಿನದಲ್ಲಿ ಮಕ್ಕಳ ಜೊತೆ ಕೂತು ಮಗ್ಗಿ ಹೇಳತೊಡಗಿದಳು. ಅತ್ತ ಆ ಮನೆಯಲ್ಲಿ ಕೆಲಸ ಹಿಡಿಯಿತು. ಒಡೆಯ ಯಾರನ್ನೂ ಕಾಯಲಿಲ್ಲ, ತಾನೇ ಸಲಿಕೆ ಹಿಡಿದ. ಕೊಳವೆ ಬದಲಾಯಿತು, ಬುಡ ಬಿಗಿಯಾಯಿತು, ಬಿರುಕು ತುಂಬಿತು. ಹೊಸ ಗಾಜು ಕೂಡಿಸಿದ ದಿನ ಮುದುಕಿ ಅವನ ಕೈಗೆ ಮೊಳೆ ಕೊಟ್ಟಳು. "ತಾರೀಖು ನೀನ ಬರಿಯಪ್ಪಾ." ಅವನು ಬರೆದ. ಎಲ್ಲರೂ ಓದುವಷ್ಟು ದೊಡ್ಡದಾಗಿ ಬರೆದ.

ಮಳೆಗಾಲ ಬಂತು. ಅದೆಂಥ ಮಳೆ! ಒಂದು ಮುಂಜಾನೆ ಯಾರೋ ಓಡಿ ಬಂದು, "ಗಾಜು ಒಡದೈತಿ! ಗಾಜು ಒಡದೈತಿ!" ಎಂದು ಕೂಗಿದ. ಊರಿಗೆ ಊರೇ ಆ ಸಂದಿಯ ಬಾಯಲ್ಲಿ ಸೇರಿತು. ಗಾಜಿನ ನಡುವೆ ನಿಜವಾಗಿಯೂ ಒಂದು ಗೆರೆ ಹೊಳೆಯುತ್ತಿತ್ತು. ಒಡೆಯ ತಲೆಯ ಮೇಲೆ ಕೈಹೊತ್ತು ಕುಳಿತ. ಮುದುಕಿಗೆ ಕಣ್ಣು ಮಂಜು, ಕಾಣಲಿಲ್ಲ. ಸಾಹುಕಾರ ಮತ್ತೆ ಅಡ್ಡಡ್ಡ ನಡೆದು ಒಳಗೆ ಹೋದ. ಹೆಬ್ಬೆರಳು ತೋರುಬೆರಳಿನಿಂದ ಆ ಗೆರೆಯನ್ನು ಹಿಡಿದ. ಉಜ್ಜಿದ. ಗೆರೆ ಅವನ ಬೆರಳಿಗೆ ಬಂತು!

"ಎಳಿ ಇದು, ಎಳಿ!" ಎಂದು ಕೂಗಿದ ಸಾಹುಕಾರ. "ಜೇಡ ನೇಯ್ದ ಎಳಿ! ಗಾಜು ಗಟ್ಟಿ ಐತಿ!"

ಬಂಧುಗಳೇ, ಆ ಸಂದಿಯಲ್ಲಿ ಎದ್ದ ಕೂಗನ್ನು ನೀವು ಕೇಳಬೇಕಿತ್ತು!

ಮಳೆ ಹೋಯಿತು, ಚಳಿ ಹೋಯಿತು, ಬೇಸಿಗೆ ಬಂತು. ಹೊಲಗಳೆಲ್ಲ ಬಿರಿದವು. ಗೋಡೆ ಬಿರಿಯಲಿಲ್ಲ. ಮರುವರ್ಷದ ಬಸವ ಜಯಂತಿಯ ದಿನ ಮುಂದಿನ ಗುಲಾಬಿ ಬಣ್ಣ ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಯಾರೂ ಅದನ್ನು ನೋಡಲಿಲ್ಲ. ಮೆರವಣಿಗೆ ಮುಂಬಾಗಿಲಿಗೆ ಬಂದು ನಿಲ್ಲಲೂ ಇಲ್ಲ. ಡೊಳ್ಳು ಬಾರಿಸುತ್ತ ನೇರವಾಗಿ ಮನೆಯ ಹಿಂದಕ್ಕೆ ತಿರುಗಿತು. ಮುಂದೆ ಇಪ್ಪತ್ತೆರಡು ಮಕ್ಕಳು, ಅವರ ಹಿಂದೆ ಧೋತರ ಎತ್ತಿ ಕಟ್ಟಿದ ಸಾಹುಕಾರ. ಮುದುಕಿ ಗೋಡೆಯ ಮೇಲೆ ಅಂಗೈ ಇಟ್ಟಳು. ಬುಡದ ಮಣ್ಣು ತೆಗೆದು ಉಜ್ಜಿದಳು. ಪುಡಿ ಪುಡಿಯಾಗಿ ಗಾಳಿಯಲ್ಲಿ ಹಾರಿತು. ಒಣ ಮಣ್ಣು!

"ಗ್ವಾಡಿ ನಿಂತೈತ್ರೀ!" ಎಂದಳು. "ನಿಂತೈತಿ!" ಎಂದವು ಮಕ್ಕಳು. "ನಿಂತೈತಿ!" ಎಂದಿತು ಊರು. ಒಡೆಯ ಅದೇ ಹಿತ್ತಾಳೆಯ ತಟ್ಟೆ ಹಿಡಿದು ಬಂದ. ಎಲೆ-ಅಡಿಕೆ ಬದಲಾದದ್ದು ಜಗಲಿಯ ಮೇಲಲ್ಲ, ಆ ಬಚ್ಚಲ ಸಂದಿಯಲ್ಲಿ, ಆ ಗಾಜಿನ ಮುಂದೆ.

ಕಥೆ ಇಷ್ಟೇ. ಈಗ ನಿಮ್ಮ ಕಡೆಗೆ ಬರುತ್ತೇನೆ. ನನ್ನ ಕಡೆಗೂ ಬರುತ್ತೇನೆ.

ನಿಮಗೆ ಮುಂದಿನ ಗೋಡೆ ಇಲ್ಲವೇ? ಇದೆ. ಚೆನ್ನಾಗಿದೆ. ಹಣೆಗೆ ವಿಭೂತಿ ಇದೆ, ಸಭೆಯಲ್ಲಿ ಸವಿಮಾತು ಇದೆ. ನಿಮ್ಮ ಹಿಂದಿನ ಗೋಡೆ ಯಾರಿಗೆ ಕಾಣುತ್ತದೆ? ನಿಮ್ಮ ಪಾತ್ರೆ ತಿಕ್ಕುವವಳಿಗೆ ಕಾಣುತ್ತದೆ. ಅಂಗಡಿಯಲ್ಲಿ ನಿಮ್ಮ ಕೈಕೆಳಗೆ ದುಡಿಯುವವನಿಗೆ ಕಾಣುತ್ತದೆ. ಇಪ್ಪತ್ತು ವರ್ಷದಿಂದ ನಿಮ್ಮ ಸಿಟ್ಟಿಗೆ ಬೆನ್ನು ಕೊಟ್ಟು ಕೂತಿರುವ ನಿಮ್ಮ ಹೆಂಡತಿಗೆ ಕಾಣುತ್ತದೆ. ಅವರನ್ನು ಎಂದಾದರೂ ಕೇಳಿದ್ದೀರಾ?

ಬಿರುಕು ಇರುವುದು ಪಾಪವಲ್ಲ. ನಾವೆಲ್ಲ ಎರೆಮಣ್ಣಿನ ಮೇಲೆ ನಿಂತವರು. ಬಿರುಕಿನ ಮೇಲೆ ಬಣ್ಣ ಹಚ್ಚಿ, ಅದರ ಕೆಳಗೆ ಬೇರೆಯವರ ಮಕ್ಕಳನ್ನು ಕೂರಿಸುವುದು ಪಾಪ. ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಹಿಂಬದಿ ಬಲ್ಲ ಒಬ್ಬರ ಹತ್ತಿರ ಹೋಗಿ ಕೂತು, "ನನ್ನಲ್ಲಿ ಏನು ಒಡೆದಿದೆ, ಹೇಳು" ಎಂದು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಅದೊಂದು ಕಷ್ಟ, ನನಗೆ ಗೊತ್ತು. ಆಮೇಲೆ ನೀರು ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ. ಸಂಜೆ ಕುಡಿಯುವ ಗೆಳೆಯರಿಂದಲೋ, ಅಣ್ಣನ ಮೇಲಿನ ಹಳೆಯ ಹಗೆಯಿಂದಲೋ? ಮೊದಲು ಆ ನೀರು ನಿಲ್ಲಿಸಿ, ಬಿರುಕು ಆಮೇಲೆ ತುಂಬಿ. ಕೊನೆಗೆ ಗಾಜು ಕೂಡಿಸಿ. ಅಂದರೆ, "ಇವತ್ತಿನಿಂದ ನಾನು ಸಿಟ್ಟಿನಲ್ಲಿ ಯಾರ ಮೇಲೂ ಕೈ ಎತ್ತುವುದಿಲ್ಲ, ನೀನು ನೋಡುತ್ತಿರು" ಎಂದು ಒಬ್ಬರಿಗೆ ತಾರೀಖು ಸಹಿತ ಹೇಳಿ. ಸಾಕ್ಷಿ ಇಲ್ಲದ ಸಂಕಲ್ಪ ಬರೀ ಬಣ್ಣ.

ಈಗ ಏಳಿ. ಹೋಗುವಾಗ ಒಂದು ಮಾತು. ಇವತ್ತು ಮಠದ ಮುಂಬಾಗಿಲಿನಿಂದ ನೇರವಾಗಿ ಹೋಗಬೇಡಿ, ಹಿಂದಿನಿಂದ ಸುತ್ತಿಕೊಂಡು ಹೋಗಿ. ನಾನು ಕೂತು ಮಾತಾಡುವ ಈ ಪಡಸಾಲೆಯ ಹಿಂದಿನ ಗೋಡೆಯಲ್ಲೂ ಒಂದು ಬಿರುಕಿದೆ. ಅದರ ಮುಂದೆ ಎರಡು ವರ್ಷ ತುಳಸಿಯ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದವನು ನಾನೇ. ನಿನ್ನೆ ಡಬ್ಬಿ ಸರಿಸಿದೆ. ಸೋರುವ ತೊಟ್ಟಿ ಬದಲಿಸಿ, ಗಾಜು ಕೂಡಿಸಿ, ತಾರೀಖು ಬರೆದಿದ್ದೇನೆ. ಬಂದು ಎಲ್ಲರೂ ನೋಡಿ. ಹತ್ತಿರ ಹೋಗಿ ನೋಡಿ. ಉಜ್ಜಿ ನೋಡಿ.

ಗೋಡೆ ನಿಲ್ಲುತ್ತದೆ, ಬಂಧುಗಳೇ. ನಿಲ್ಲುತ್ತದೆ!